ಕನ್ನಡಿಬಯಲಿನ ಮೂರು ಹನಿ ಪಾದರಸ

ಕತೆ ಹೇಳಿ ರೂಢಿಯಿಲ್ಲದ ಬಾಯಿ ಇದು. ಎಲ್ಲಾದರೂ ಮುಂದಿನದು ಹಿಂದಾದರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ಕೇಳುವವರು ದೊಡ್ಡ ಮನಸ್ಸು ಮಾಡಬೇಕು. ಕತೆಯೇನೋ ಚೆನ್ನಾಗಿದೆ, ಹೇಳುವುದೇ ಕಷ್ಟ.

ಬಹಳ ಹಿಂದೆ ಬಿಂಬಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಕಂಚಿನ ಕನ್ನಡಿ. ಮನೆಗೆ ಒಂದೇ, ಎರಡಿಲ್ಲ. ಕನ್ನಡಿಯ ಮುಂದೆ ಕೂತು ಮೂರು ಸಲ ಕಣ್ಣು ಮಿಟುಕಿಸಿದರೆ ಕೂತವರ ಬಿಂಬ ಒಳಗೆ ನಡೆದುಹೋಗುತ್ತಿತ್ತು. ಒಳಗಿದ್ದದ್ದು ಕನ್ನಡಿಬಯಲು ಎಂಬ ಆಟದ ಲೋಕ. ಏಳು ರಾಜ್ಯಗಳ ಜನರ ಬಿಂಬಗಳೂ ಅಲ್ಲಿಗೆ ಆಡಲು ಬರುತ್ತಿದ್ದವು. ಬೇಕಾದ ಹೆಸರು ಇಟ್ಟುಕೊಳ್ಳಬಹುದು, ಬೇಕಾದ ವೇಷ ಹಾಕಬಹುದು. ಮೈ ಮಾತ್ರ ಮನೆಯಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿತ್ತು. ನೋಡಿದವರಿಗೆ ನಿದ್ದೆಯ ಹಾಗೆ ಕಾಣುತ್ತಿತ್ತು, ಆದರೆ ನಿದ್ದೆಯಲ್ಲ. ಮನೆಗೆ ಮರಳಬೇಕೆಂದರೆ ಅಲ್ಲಿಯ ಬೆಳ್ಳಿಕೊಳಕ್ಕೆ ಧುಮುಕಬೇಕು, ಬೇರೆ ದಾರಿಯಿಲ್ಲ.

ಆ ರಾಜ್ಯದಲ್ಲಿ ಕೇತಕಿ ಎಂಬ ಹುಡುಗಿ ಇದ್ದಳು. ಅರಮನೆಯ ಗದ್ದೆಗಳಿಗೆ ನೀರು ಹಾಯಿಸುವುದು ಅವಳ ಕೆಲಸ. ಅವಳಿಗೆ ಇದ್ದವಳು ಅಜ್ಜಿ ದಾನಮ್ಮ ಒಬ್ಬಳೇ. ಅಜ್ಜಿಗೆ ಮೊಣಕಾಲು ನೋವು, ಗೋಡೆ ಹಿಡಿಯದೆ ಹೊಸ್ತಿಲವರೆಗೂ ಹೋಗಲಾರಳು. ಆದರೆ ಕನ್ನಡಿಬಯಲಿನಲ್ಲಿ ಅದೇ ಅಜ್ಜಿ ಎತ್ತಿನ ಚರ್ಮದ ಗುರಾಣಿ ಹಿಡಿದು ಓಡುತ್ತಿದ್ದಳು. ಅಲ್ಲೊಂದು ಗುಹೆ, ಗುಹೆಯೊಳಗೆ ಎರಡು ತಲೆಯ ಮಾಯದ ಉಡ, ಉಡದ ಹಿಂದೆ ಸಿಹಿಯಾದ ನೀಲಿ ಹಣ್ಣಿನ ಗಿಡ. ಹೊಸಬರು ಹಣ್ಣು ಕೀಳುವಾಗ ಉಡ ಅವರ ಮೇಲೆ ಬೀಳದಂತೆ ಗುರಾಣಿ ಒಡ್ಡಿ ನಿಲ್ಲುವುದು ಅಜ್ಜಿಯ ಆಟ. ಕೊನೆಯವರು ಹೊರಗೆ ಹೋದ ಮೇಲೆಯೇ ಅವಳು ಹೊರಡುವುದು.

ಒಂದು ಬೆಳಿಗ್ಗೆ ಹಾಗೆ ಹೊರಡುವಾಗ ಗುಹೆಯ ಬಾಯಲ್ಲಿ ನಾಲ್ವರು ನಿಂತಿದ್ದರು, ಒಬ್ಬನ ಹಿಂದೆ ಒಬ್ಬ. ಬಾಯಿ ಎಷ್ಟು ಕಿರಿದೆಂದರೆ ಒಮ್ಮೆಗೆ ಒಬ್ಬರು ಮಾತ್ರ ನುಸುಳಬಹುದು. ಮುಂದೆ ನಿಂತವನ ಹೆಸರು ರಣಭಯಂಕರ. ಹೆಸರು ಅವನೇ ಇಟ್ಟುಕೊಂಡದ್ದು. ಕಬ್ಬಿಣದ ಮೀಸೆ, ಕೋಡಿನ ಕಿರೀಟ.

"ಅಜ್ಜಿ, ಬೆಕ್ಕಿನ ಹಾಗೆ ಕೂಗು, ಬಿಡ್ತೀವಿ" ಅಂದ.

"ನಿಮ್ಮಪ್ಪ ಬಂದು ಹೇಳಿದರೂ ಕೂಗೋಲ್ಲ ಹೋಗೋ" ಅಂದಳು ಅಜ್ಜಿ.

ನಾಲ್ವರೂ ಹೊಟ್ಟೆ ಹಿಡಿದು ನಕ್ಕರು, ಜಾಗ ಬಿಡಲಿಲ್ಲ. ಇದರಿಂದ ಅವರಿಗೆ ಸಿಗುತ್ತಿದ್ದದ್ದು ಏನೂ ಇಲ್ಲ, ನಗು ಒಂದೇ. ಅಜ್ಜಿ ಹೊಡೆಯೋಣವೆಂದರೆ ಕನ್ನಡಿಬಯಲಿನಲ್ಲಿ ಆಟಗಾರರ ಏಟು ಆಟಗಾರರಿಗೆ ತಗಲುವುದಿಲ್ಲ, ಅದು ಅಲ್ಲಿಯ ಕಟ್ಟಳೆ. ನುಗ್ಗೋಣವೆಂದರೆ ಮೈಗೆ ಮೈ ಗೋಡೆಯ ಹಾಗೆ ಗಟ್ಟಿ, ಅದೂ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು, ಅದೇ ಭಯದ್ದು: ಒಳಗೆ ಹೋದ ಬಿಂಬ ಮೂರನೆಯ ದಿನ ಸೂರ್ಯ ಮುಳುಗುವುದರೊಳಗೆ ಮನೆಗೆ ಬಾರದಿದ್ದರೆ ಉಪ್ಪಿನ ಹಾಗೆ ಕರಗಿಹೋಗುತ್ತದೆ. ಮನೆಯಲ್ಲಿ ಕೂತ ಮೈ ಮತ್ತೆ ಕಣ್ಣು ತೆರೆಯುವುದಿಲ್ಲ. ಆ ನಾಲ್ವರಿಗೆ ಈ ಭಯವಿರಲಿಲ್ಲ, ಸರದಿಯ ಮೇಲೆ ಮನೆಗೆ ಹೋಗಿಬರುತ್ತಿದ್ದರು.

ಕೇತಕಿ ಗುದ್ದಲಿ ಹೊತ್ತು ಮನೆಗೆ ಬಂದಾಗ ಅಜ್ಜಿಗೆ ಇನ್ನೂ ಎಚ್ಚರವಿಲ್ಲ. ಕನ್ನಡಿಯಲ್ಲಿ ನೋಡಿದಳು, ಎಲ್ಲ ಕಂಡಿತು. ಒಳಗೆ ಹೋಗುವಂತಿಲ್ಲ, ಇದ್ದೊಂದು ಕನ್ನಡಿಯೊಳಗೆ ಅಜ್ಜಿಯೇ ಇದ್ದಾಳೆ. ಗುದ್ದಲಿ ಅಲ್ಲೇ ಬಿಟ್ಟು ಬಿಂಬರಾಯನ ಗೋಪುರಕ್ಕೆ ಓಡಿದಳು.

ಬಿಂಬರಾಯನೆಂದರೆ ಕನ್ನಡಿಬಯಲನ್ನು ಕಟ್ಟಿದ ಮಾಂತ್ರಿಕ. ಕೇತಕಿ ಹೇಳಿದ್ದು ಕೇಳಿ ಅವನಿಗೆ ಬೇಜಾರಾಯಿತು. ಗುಹೆಯ ಬಾಯಿಯನ್ನು ಕಿರಿದು ಮಾಡಿದ್ದು ಅಂದಕ್ಕಂತೆ. ಅಲ್ಲಿ ಯಾರಾದರೂ ಅಡ್ಡ ನಿಲ್ಲಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ನಿಂತರೆ ಅವರಿಗೆ ಏನು ಸಿಗುತ್ತೆ?" ಅಂದ.

"ನಿಂತ ಖುಷಿ ಸಿಗುತ್ತೆ ಸ್ವಾಮಿ" ಅಂದಳು ಕೇತಕಿ.

ಕಟ್ಟಳೆ ಬದಲಿಸಲು ಅವನ ಬಳಿ ಉಳಿದಿದ್ದದ್ದು ಮೂರೇ ಹನಿ ಪಾದರಸ. ಹನಿಗೊಂದು ಕಟ್ಟಳೆ. ಹೊಸ ಹನಿ ಬಿದ್ದರೆ ಹಿಂದಿನ ಹನಿಯದು ಅಳಿಸಿಹೋಗುತ್ತದೆ. ಒಂದು ಹನಿ ಹಾಕಿದ ಮೇಲೆ ಇನ್ನೊಂದಕ್ಕೆ ಮರುದಿನದವರೆಗೆ ಕಾಯಬೇಕು.

ಮೊದಲ ದಿನ ಬಿಂಬರಾಯ ಸಿಟ್ಟಿನಿಂದ ಮೊದಲ ಹನಿ ಹಾಕಿದ: ದಾರಿ ತಡೆದವರಿಗೆ ಕತ್ತೆಕಿವಿ ಬರಲಿ. ಕನ್ನಡಿಬಯಲಿನಲ್ಲಿ ಡಂಗುರ ತಾನಾಗಿ ಬಡಿದುಕೊಂಡು ಕಟ್ಟಳೆಯನ್ನು ಸಾರಿತು. ನಾಲ್ವರಿಗೂ ಮೊಳದುದ್ದ ಕಿವಿ ಬಂದವು. ನಾಚಿಕೊಂಡು ಓಡುತ್ತಾರೆಂದು ಕೇತಕಿ ಕಾದಳು. ಅವರು ಕಿವಿ ಅಲ್ಲಾಡಿಸಿ ಕುಣಿದರು. ಯಾರದು ಉದ್ದವೆಂದು ಅಳೆದು ನೋಡಿಕೊಂಡರು. ಸಂಜೆಯ ಹೊತ್ತಿಗೆ ಬೇರೆ ಬೇರೆ ಊರಿನ ಬಿಂಬಗಳು ನಮಗೂ ಕಿವಿ ಬೇಕೆಂದು ಬಂದು ಗುಹೆಯ ಮುಂದೆ ಸಾಲು ನಿಂತವು. ಶಿಕ್ಷೆ ಕೊಟ್ಟರೆ ಅದನ್ನೇ ಬಿರುದು ಮಾಡಿಕೊಂಡರು ಎಂದು ಇದರ ಅರ್ಥ.

ಎರಡನೆಯ ದಿನ ಬಿಂಬರಾಯ ನಯವಾಗಿ ಎರಡನೆಯ ಹನಿ ಹಾಕಿದ: ದಾರಿ ಬಿಟ್ಟವರ ಕಿರೀಟಕ್ಕೆ ಒಂದು ಹೊಳೆಯುವ ಗರಿ ಬರಲಿ. ಕಿವಿಗಳು ಉದುರಿದವು, ಸಾಲು ನಿಂತವರು ಬೇಸರದಿಂದ ಚದುರಿದರು. ಉಳಿದದ್ದು ಹಳೆಯ ನಾಲ್ವರೇ. ರಣಭಯಂಕರ ಸ್ವಲ್ಪ ಹೊತ್ತು ಮೀಸೆ ತಿರುವಿ ಯೋಚಿಸಿದ. ಆಮೇಲೆ ಹಿಂದಿನವನನ್ನು ಕರೆದು, "ನೀನು ಬಾ, ನಾನು ದಾರಿ ಬಿಡ್ತೀನಿ. ಆಮೇಲೆ ನೀನು ನನಗೆ ಬಿಡು" ಅಂದ. ಇವನು ಅವನಿಗೆ ಬಿಟ್ಟ, ಒಂದು ಗರಿ. ಅವನು ಇವನಿಗೆ ಬಿಟ್ಟ, ಇನ್ನೊಂದು ಗರಿ. ದಿನವಿಡೀ ಇದೇ. ಸಂಜೆಗೆ ನಾಲ್ವರ ತಲೆಯೂ ಕೋಳಿಗೂಡಿನ ಹಾಗಾಗಿತ್ತು. ಅಜ್ಜಿಗೆ ಮಾತ್ರ ಒಬ್ಬರೂ ಬಿಡಲಿಲ್ಲ. ಅವಳು ಬೈದು ಬೈದು ಗಂಟಲು ಕಟ್ಟಿಸಿಕೊಂಡು ಕೂತಿದ್ದಳು.

ಮೂರನೆಯ ದಿನ ಬಂತು. ಬಿಂಬರಾಯ ಗ್ರಂಥಗಳನ್ನೆಲ್ಲ ತಿರುವಿ ಹಾಕುವಷ್ಟರಲ್ಲಿ ಹೊತ್ತು ಇಳಿದಿತ್ತು. ಉಳಿದ ಒಂದು ಹನಿಯನ್ನು ಸೌಟಿನಲ್ಲಿ ಹಿಡಿದು, "ಎಲ್ಲರ ಮೈಯನ್ನೂ ಹೊಗೆ ಮಾಡಿಬಿಡ್ತೀನಿ. ಯಾರೂ ಯಾರನ್ನೂ, ಯಾವುದನ್ನೂ ತಡೆಯೋಕೆ ಆಗಬಾರದು. ಪೀಡೆ ಕಳೀತು" ಅಂದ.

ಕೇತಕಿ ಅವನ ಕೈ ಹಿಡಿದುಕೊಂಡಳು. ಹೊಗೆಯಾದರೆ ಅಜ್ಜಿ ಈ ಗಳಿಗೆಯೇ ಹೊರಗೆ ಬರುತ್ತಾಳೆ, ಅದು ಅವಳಿಗೆ ಗೊತ್ತಿತ್ತು. ಆದರೆ ನಾಳೆ? ಹೊಗೆಯ ಗುರಾಣಿ ಉಡವನ್ನು ತಡೆಯುವುದಿಲ್ಲ. ಹೊಸಬರ ಮುಂದೆ ನಿಲ್ಲುವುದೇ ಅಜ್ಜಿಯ ಆಟ. ಅದಿಲ್ಲದಿದ್ದರೆ ಅವಳಿಗೆ ಉಳಿಯುವುದು ಗೋಡೆ, ಹೊಸ್ತಿಲು, ಮೊಣಕಾಲು.

"ಹಾಗಾದರೆ ನೀನೇ ಹೇಳು ತಾಯಿ. ನನಗಂತೂ ತಲೆ ಓಡ್ತಿಲ್ಲ" ಅಂದ ಬಿಂಬರಾಯ.

ಕೇತಕಿಗೆ ಗೊತ್ತಿದ್ದದ್ದು ಗದ್ದೆ ಒಂದೇ. ಅದನ್ನೇ ಹೇಳಿದಳು. ಗದ್ದೆಯ ಬದು ಒಂದೇ ಪಾದದಗಲ. ಅತ್ತಿಂದ ಹುಲ್ಲಿನ ಹೊರೆ ಹೊತ್ತವಳು ಬರುತ್ತಾಳೆ, ಇತ್ತಿಂದ ಗುದ್ದಲಿ ಹಿಡಿದು ಇವಳು. ಕೆಳಗಿಳಿದರೆ ಪೈರು ತುಳಿದಂತೆ, ಹಿಂದೆ ಹೋದರೆ ಕೆಲಸ ಕೆಟ್ಟಂತೆ. ಆಗ ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ಅರ್ಧ ಸುತ್ತು ತಿರುಗುತ್ತಾರೆ. ಅವಳು ಇತ್ತ, ಇವಳು ಅತ್ತ.

"ನಾವು ಯಾರೂ ದಾರಿ ಬಿಡೋದಿಲ್ಲ ಸ್ವಾಮಿ. ಜಾಗ ಬದಲಾಯಿಸ್ಕೋತೀವಿ" ಅಂದಳು.

"ಉಡಕ್ಕೂ ಇದೇ ಕಟ್ಟಳೆಯೇ?"

"ಉಡ ಯಾವತ್ತು ಬದುವಿನ ಮೇಲೆ ಬಂದಿದೆ? ಆಡೋರಿಗೆ ಮಾತ್ರ ಸಾಕು."

ಬಿಂಬರಾಯ ಮೂರನೆಯ ಹನಿ ಹಾಕಿದ: ಆಟಗಾರರನ್ನು ಆಟಗಾರರು ತಳ್ಳಿದರೆ ಇಬ್ಬರ ಜಾಗವೂ ಅದಲುಬದಲಾಗಲಿ. ಕೇತಕಿ ಮನೆಗೆ ಓಡಿ ಕನ್ನಡಿಯ ಮುಂದೆ ಕೂತಳು. ಸೂರ್ಯ ಮುಳುಗಲು ಇನ್ನು ಒಂದು ಗೇಣು.

ಡಂಗುರ ಕೇಳಿದ ಅಜ್ಜಿ ಎದ್ದಳು. ರಣಭಯಂಕರನ ಎದೆಗೆ ಅಂಗೈ ಇಟ್ಟು ತಳ್ಳಿದಳು. ಅವನು ಒಳಗೆ, ಅವಳು ಅವನ ಜಾಗದಲ್ಲಿ. ಎರಡನೆಯವನನ್ನು ತಳ್ಳಿದಳು, ಮೂರನೆಯವನನ್ನು ತಳ್ಳಿದಳು, ನಾಲ್ಕನೆಯವನನ್ನೂ ತಳ್ಳಿದಳು. ನಾಲ್ಕು ಸಲ ತಳ್ಳುವಷ್ಟರಲ್ಲಿ ಅಜ್ಜಿ ಹೊರಗೆ, ನಾಲ್ವರೂ ಒಳಗೆ. ಎದುರಿಗೇ ಬೆಳ್ಳಿಕೊಳ. ಅದಕ್ಕೆ ಧುಮುಕಿದರೆ ಮನೆ.

ಆಗಲೇ, ಅಷ್ಟು ದಿನ ಮಲಗಿದ್ದ ಉಡಕ್ಕೆ ಎಚ್ಚರವಾಯಿತು, ಎರಡು ತಲೆಗೂ ಒಟ್ಟಿಗೆ. ನಾಲ್ವರೂ ಗುಹೆಯ ಬಾಯಿಯ ಕಡೆ ನುಗ್ಗಿದರು. ನುಗ್ಗಿದರೆ ತಳ್ಳಿದಂತೆ, ತಳ್ಳಿದರೆ ಅದಲುಬದಲು. ಹಿಂದಿನವನು ಮುಂದೆ ಬಂದ, ಮುಂದಿನವನು ಹಿಂದೆ ಹೋದ, ಅವನು ಮತ್ತೆ ತಳ್ಳಿದ. ಗಾಣದ ಹಾಗೆ ತಿರುಗಿದರೇ ಹೊರತು ಒಬ್ಬನೂ ಹೊರಗೆ ಬೀಳಲಿಲ್ಲ. ರಣಭಯಂಕರನ ಗಂಟಲಿನಿಂದ ಬಂದದ್ದು ಬೆಕ್ಕಿನ ದನಿಯೇ.

ಅಜ್ಜಿ ಸೂರ್ಯನನ್ನು ನೋಡಿದಳು. ಕೊಳವನ್ನು ನೋಡಿದಳು. ಬೇಡ ಅಜ್ಜಿ, ಬಂದುಬಿಡು ಎಂದು ಕೇತಕಿ ಕನ್ನಡಿಯ ಈಚೆಯಿಂದ ಬೇಡಿಕೊಂಡಳು. ಅಜ್ಜಿಗೆ ಅದು ಕೇಳಿಸುವಂತಿರಲಿಲ್ಲ. ಅವಳು ಗುರಾಣಿ ಎತ್ತಿಕೊಂಡು ನಾಲ್ವರನ್ನೂ ಒಬ್ಬೊಬ್ಬರಾಗಿ ತಳ್ಳುತ್ತ ಒಳಗೆ ನಡೆದು ಉಡದ ಮುಂದೆ ನಿಂತಳು. ಎರಡು ಮೂತಿಗಳೂ ಗುರಾಣಿಗೆ ಬಡಿದವು. ಗುರಾಣಿ ಗಟ್ಟಿಯಾಗಿಯೇ ಇತ್ತು.

"ಒಬ್ಬೊಬ್ಬರಾಗಿ ಹೋಗ್ರಪ್ಪ. ತಳ್ಳಬೇಡಿ" ಅಂದಳು, ಕಟ್ಟಿದ ಗಂಟಲಿನಲ್ಲೇ.

ಒಬ್ಬೊಬ್ಬರಾಗಿ ಹೋದರು. ಕೊನೆಗೆ ಹೋದವನು ರಣಭಯಂಕರ. ಅವನು ಹೊರಗೆ ಹೋದವನೇ ಪಕ್ಕಕ್ಕೆ ಸರಿದು, ಬಂಡೆಗೆ ಬೆನ್ನು ಒತ್ತಿ, ಅಜ್ಜಿಗೆ ದಾರಿ ಬಿಟ್ಟು ನಿಂತ. ಈಗ ಯಾವ ಗರಿಯೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಅಜ್ಜಿ, ಗುರಾಣಿ ಹಿಡಿಯೋದು ನನಗೂ ಕಲಿಸ್ತೀರಾ?" ಅಂದ.

"ಮೊದಲು ಆ ಮೀಸೆ ತೆಗಿ, ಗುರಾಣಿಗೆ ಸಿಕ್ಕಿಕೊಳ್ಳುತ್ತೆ" ಅಂದು ಅಜ್ಜಿ ಕೊಳಕ್ಕೆ ಧುಮುಕಿದಳು.

ಬಿಂಬಾವತಿಯಲ್ಲಿ ಸೂರ್ಯನ ಕೊನೆಯ ಅಂಚು ಜಾರುವಾಗ ಚಾಪೆಯ ಮೇಲೆ ದಾನಮ್ಮ ಕಣ್ಣು ತೆರೆದಳು. ಕೇತಕಿಗೆ ಅಳುವೂ ಬಂತು, ನಗುವೂ ಬಂತು. ಅಜ್ಜಿ ಮೂರು ದಿನದ ಹಸಿವೆಯೆಂದು ಮಜ್ಜಿಗೆ ಕೇಳಿದಳು.

ಅಂದಿನಿಂದ ಗುಹೆಯ ಬಾಯಲ್ಲಿ ಯಾರೂ ನಿಲ್ಲಲಿಲ್ಲ, ನಿಂತರೆ ಒಳಗೆ ಹೋಗುವವರು ಅವರೇ ಆದ್ದರಿಂದ. ಎಲ್ಲರೂ ಸುಖವಾಗಿದ್ದರು. ಸುಖವಾಗಿದ್ದರು ಅಂದರೆ ತಂಟೆಯೇ ಇರಲಿಲ್ಲ ಎಂದಲ್ಲ, ಅದನ್ನು ಬಿಡಿಸಿ ಹೇಳಬೇಕು. ಮರುವಾರವೇ ಒಬ್ಬಳು ಹೊಸ ಕಟ್ಟಳೆಯಲ್ಲಿ ಒಂದು ಸಂದು ಕಂಡುಹಿಡಿದಳು. ಬೆಟ್ಟದ ತುದಿಯಲ್ಲಿ ನಿಂತವರನ್ನು ಕೆಳಗಿನಿಂದ ಕೋಲಿನಲ್ಲಿ ತಳ್ಳಿದರೆ ಹತ್ತದೆಯೇ ಮೇಲೆ ಹೋಗಬಹುದು. ಆಗ ಬಿಂಬರಾಯ ಕೇತಕಿಯನ್ನೇ ಕರೆಸಿದ. ಪಾದರಸವಂತೂ ಖಾಲಿ. ಅದಕ್ಕೆ ಅವಳು ಹೇಳಿದ್ದೇನೆಂದರೆ, ಮೊದಲು ಕೋಲು ಎಂದರೆ ಏನೆಂದು ತಿಳಿಯಬೇಕು, ಯಾಕೆಂದರೆ ಕೋಲು ಮೈಯೋ ಅಲ್ಲವೋ ಎಂಬುದು... ಬಂದೆ, ಬಂದೆ, ರೊಟ್ಟಿ ಆರುತ್ತದೆಂದು ಒಳಗಿನಿಂದ ಕರೆಯುತ್ತಿದ್ದಾರೆ. ಕೋಲು ಎಂದರೆ, ಒಂದು ಮಾರುದ್ದದ್ದು, ಅದನ್ನು ಹಿಡಿದ ಕೈ... ಬಂದೆ ಅಂದೆನಲ್ಲ, ಉಳಿದದ್ದು ರೊಟ್ಟಿಯಾದ ಮೇಲೆ.