ಟೇಪಿನ ಎರಡನೇ ಸೈಡು

ಹಾಡುಗಾರ್ತಿ ಬಾಗಿಲು ತಟ್ಟಿದಾಗ ಅತ್ತೆ ಬೀನ್ಸ್ ಮುರಿಯುತ್ತಿದ್ದರು. ಸೊಸೆ ಪತ್ರಿಕೆ ಬಿಡಿಸಿಕೊಂಡು ಓದದೆ ಕೂತಿದ್ದಳು.

ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನ ಹಿಂದೆ ಅತ್ತೆ ಮೂವತ್ತೊಂದು ವರ್ಷ ಕೂತವರು. ಕೊಡೆ, ಕನ್ನಡಕ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಯಾವುದು ಯಾರದೆಂದು ನೋಡಿಯೇ ಹೇಳಿಬಿಡುತ್ತಿದ್ದರು. ನಿವೃತ್ತಿಯ ನಂತರ ಬೀದಿಯವರು ಮನೆಗೇ ಬರತೊಡಗಿದರು. ಮಗ ತೀರಿಕೊಂಡ ಮೇಲೂ ಸೊಸೆ ಅವರ ಜೊತೆಗೇ ಉಳಿದಿದ್ದಳು. ಪತ್ತೆಗೆ ಹೊರಟಾಗಲೆಲ್ಲ ಅತ್ತೆ ಅವಳನ್ನು ಎಬ್ಬಿಸುತ್ತಿದ್ದರು. "ನನಗೆ ಕಣ್ಣು ಮಂಜು ಕಣೇ, ನೀನು ನೋಡಿ ಹೇಳು" ಎನ್ನುವುದು ನೆಪ. ಅತ್ತೆಯ ಕಣ್ಣು ನೆಟ್ಟಗೇ ಇತ್ತು.

"ಒಂದು ಕ್ಯಾಸೆಟ್ ಕಾಣಿಸ್ತಿಲ್ಲ ಆಂಟಿ," ಎಂದಳು ಹಾಡುಗಾರ್ತಿ. "ಅದರಲ್ಲಿ ನಮ್ಮಣ್ಣ ಹಾಡಿದಾನೆ. ಅವನ ದನಿ ಬೇರೆ ಎಲ್ಲೂ ಇಲ್ಲ."

ಅವಳ ಕತೆ ಬೀದಿಗೆಲ್ಲ ಗೊತ್ತಿದ್ದದ್ದೇ. ಒಂಬತ್ತು ವರ್ಷದ ಹಿಂದೆ ಅಣ್ಣ ತಂಗಿ ಮಹಡಿಯ ಕೋಣೆಯ ಗೋಡೆಗಳಿಗೆ ಕಂಬಳಿ ನೇತುಹಾಕಿ, ಮಂಚದ ಮೇಲೆ ಕೂತು ಮೊದಲ ಆಲ್ಬಂ ಮಾಡಿದ್ದರು. ಕಂಪನಿಗಳ ಹಂಗಿಲ್ಲದೆ ತಾವೇ ಹೊರತಂದಿದ್ದರು. ಅಜ್ಜಿಯರ ಕಾಲದ ಧಾಟಿಗೆ ಬಸ್‌ಸ್ಟಾಪಿನ ಮಾತು ಹೊಂದಿಸಿದ ಹಾಡುಗಳು. ಬರೆದು ಹಾಡುವವಳು ಅವಳು, ಗಿಟಾರ್ ಹಿಡಿಯುವವನು ಅವನು. ಹಳೆಯ ವ್ಯಾನಿನಲ್ಲಿ ಊರೂರು ಸುತ್ತಿ, ಪುಸ್ತಕದಂಗಡಿಯ ಮಹಡಿಯಲ್ಲೋ ಕಾಫಿ ಅಂಗಡಿಯ ಮೂಲೆಯಲ್ಲೋ ನಿಂತು ಹಾಡಿದರು. ಎರಡನೇ ಆಲ್ಬಂ ಬರುವ ಹೊತ್ತಿಗೆ ಕೇಳಲು ಬಂದವರೂ ಜೊತೆಗೆ ಹಾಡುತ್ತಿದ್ದರು. ಮೂರು ವರ್ಷದ ಹಿಂದೆ, ಒಂದು ಕಾರ್ಯಕ್ರಮ ಮುಗಿಸಿ ಮರಳುವಾಗ ವ್ಯಾನ್ ಉರುಳಿ ಅಣ್ಣ ಹೋದ.

"ಮೂರನೇ ಆಲ್ಬಮ್ ಇನ್ನೂ ಬಂದಿಲ್ಲ, ಅದರ ಕೊನೇ ಹಾಡು ಅವನದು. ಜೀವಮಾನದಲ್ಲಿ ಒಂದೇ ಸಲ ಹಾಡಿದ್ದು, ಅದೂ ಬಲವಂತಕ್ಕೆ."

"ನಕಲು ಇಲ್ವೇನಮ್ಮ?"

"ಮಾಡಿಸ್ತೀನಿ ಮಾಡಿಸ್ತೀನಿ ಅಂತಲೇ ಮೂರು ವರ್ಷ ಆಯ್ತು. ಅದನ್ನ ಹಾಕಿ ಕೇಳೋ ಧೈರ್ಯ ಬರಲಿಲ್ಲ." ಅವಳು ಬೀನ್ಸಿನ ತಟ್ಟೆ ನೋಡುತ್ತ ಹೇಳಿದಳು. "ಇವತ್ತು ಕಂಪ್ಯೂಟರಿಗೆ ಹಾಕೋಕೆ ರೆಕಾರ್ಡಿಸ್ಟ್ ಬರೋನಿದ್ದ."

ಅವಳ ಮನೆಯ ಮಹಡಿಯ ಕೋಣೆಯಲ್ಲಿ ಕಂಬಳಿಗಳು ಹಾಗೇ ಇದ್ದವು. ಮೇಜಿನ ಮೇಲೆ ಸಾಲು ಗುಬುಟುಗಳ ಹಳೆಯ ರೆಕಾರ್ಡಿಂಗ್ ಮೆಷಿನ್, ಪಕ್ಕದಲ್ಲಿ ಶೂ ಡಬ್ಬಿ. ಏಳು ಕ್ಯಾಸೆಟ್ಟುಗಳಿರಬೇಕಾದಲ್ಲಿ ಆರಿದ್ದವು. ಸೊಸೆ ಒಂದನ್ನೆತ್ತಿ ನೋಡಿದಳು. ಒಂದನೇ ಸೈಡಿಗೆ ಮಾತ್ರ ಚೀಟಿ. ಮೇಲಂಚಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳಲ್ಲಿ ಒಂದನ್ನು ಮುರಿಯಲಾಗಿತ್ತು, ಇನ್ನೊಂದು ಹಾಗೇ ಇತ್ತು.

"ಇದು ಯಾಕೆ ಮುರಿದಿದೆ?"

"ಬಿಲ್ಲೆ ಮುರಿದ್ರೆ ಮೇಲೆ ಬೇರೆ ರೆಕಾರ್ಡ್ ಮಾಡೋಕಾಗಲ್ಲ. ಪ್ರತಿ ಸೈಡಿಗೂ ಒಂದೊಂದು ಇರುತ್ತೆ. ಈ ಮೆಷಿನ್ನಲ್ಲಿ ಒಂದೇ ಸೈಡು ಹಾಕೋದು. ಅದಕ್ಕೇ ಒಂದೇ ಮುರಿದೆ."

ಅತ್ತೆ ಮುರಿಯದ ಬಿಲ್ಲೆಯ ಮೇಲೆ ಬೆರಳಾಡಿಸಿದರು.

ಡಬ್ಬಿಯಲ್ಲಿ ಏಳೂ ಇದ್ದದ್ದನ್ನು ಸೋಮವಾರ ಬೆಳಿಗ್ಗೆ ಹಾಡುಗಾರ್ತಿ ಕಣ್ಣಾರೆ ನೋಡಿದ್ದಳು. ಮಂಗಳವಾರ ಎದ್ದಾಗ ಒಂದು ಇರಲಿಲ್ಲ. ಮನೆಗೆ ಬಂದುಹೋಗುವವರು ಇಬ್ಬರೇ. ಒಬ್ಬ ರೆಕಾರ್ಡಿಸ್ಟ್. ಇನ್ನೊಬ್ಬಳು ಪಿಟೀಲು ನುಡಿಸುವವಳು, ಅಣ್ಣನನ್ನು ಮದುವೆಯಾಗಬೇಕಿದ್ದವಳು.

ರೆಕಾರ್ಡಿಸ್ಟ್ ಕತ್ತಿಗೆ ಹೆಡ್‌ಫೋನ್ ಹಾಕಿಕೊಂಡೇ ಉತ್ತರಿಸಿದ. "ಆ ಕ್ಯಾಸೆಟ್ಟಿನ ಸುಯ್ ಸದ್ದು ನಂಗೆ ಆಗಲ್ಲ, ಎಲ್ಲಾ ಹೊಸದಾಗಿ ಮಾಡೋಣ ಅಂದಿದ್ದೆ. ಆದ್ರೆ ಹೋದವರನ್ನ ಹೊಸದಾಗಿ ರೆಕಾರ್ಡ್ ಮಾಡೋಕಾಗತ್ತಾ ಅಮ್ಮಾ? ಸೋಮವಾರ ಊಟಕ್ಕೆ ಕೂತಾಗ ಅದನ್ನೇ ಮಾತಾಡಿದ್ವಿ. ಈ ಮೆಷಿನ್ನು ಟೇಪಿನ ಪೂರ್ತಿ ಅಗಲ ತಗೊಳ್ಳತ್ತೆ. ಎರಡೂ ಸೈಡಿನ ಜಾಗ ಸೇರಿಸಿ ನಾಲ್ಕು ಟ್ರ್ಯಾಕು. ಮೊದಲೆರಡರಲ್ಲಿ ಗಿಟಾರು, ಕೊನೇ ಎರಡರಲ್ಲಿ ಅವನ ದನಿ."

"ಊಟಕ್ಕೆ ಯಾರ್ಯಾರಿದ್ರಿ?"

"ನಾನೂ ಇವಳೂ. ಇವಳಪ್ಪ ಯಜಮಾನರೂ ಇದ್ರು, ಮಗಳ ಜೊತೆ ಮಾತಾಡಲ್ವಲ್ಲ ಅವರು. ಯಾಕೋ ಅವತ್ತು ಅರ್ಧಕ್ಕೇ ಎದ್ದು ಹೋದ್ರು."

ಪಿಟೀಲಿನವಳು ಸುತ್ತಿಬಳಸಲಿಲ್ಲ. "ಅದನ್ನ ಊರಿಗೆಲ್ಲ ಕೇಳಿಸಬೇಡ ಅಂತ ಜಗಳ ಆಡಿದ್ದೆ. ನಿಜ. ಅವನು ನನಗೋಸ್ಕರ ಹಾಡಿದ್ದು. ಆದ್ರೆ ನಾನು ತಗೊಂಡಿದ್ರೆ ಬಚ್ಚಿಡ್ತಿರಲಿಲ್ಲ. ಒಂದೇ ವಾರಕ್ಕೆ ಟೇಪು ಸವೆದು ಹೋಗ್ತಿತ್ತು."

ಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು.

"ಈ ಮನೇಲಿ ಈಚೆಗೆ ಏನಾದ್ರೂ ಹೊಸದು ಕಂಡ್ಯಾ?" ಅತ್ತೆ ಕೇಳಿದರು.

"ಏನಿಲ್ಲ. ಭಾನುವಾರ ಇವಳು ಕಾರ್ಯಕ್ರಮಕ್ಕೆ ಹೋಗಿದ್ಲು, ನಾನು ಸ್ವರದ ಹಾಳೆ ತಗೊಳ್ಳೋಕೆ ಬಂದಿದ್ದೆ. ಮಾವ ಕೋಣೇಲಿ ಡಿಕ್ಟೇಶನ್ ಕೊಡ್ತಿದ್ರು. ಕಾಮಾ, ಫುಲ್‌ಸ್ಟಾಪ್ ಅಂತೆಲ್ಲ ಕೇಳಿಸ್ತು."

ಕೆಳಗಿನ ಕೋಣೆ ಹಾಡುಗಾರ್ತಿಯ ಅಪ್ಪನದು. ಶೀಘ್ರಲಿಪಿ ಕಲಿಸುತ್ತಿದ್ದವರು. ಶಾಲೆ ಮುಚ್ಚಿ ಆರು ವರ್ಷವಾಗಿತ್ತು. ಮಗ ತೀರಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗಳಿಗೆ, "ನಿನ್ನ ಹಾಡೇ ಅವನನ್ನ ತಿಂತು" ಎಂದಿದ್ದರು. ಅವಳ ಜೊತೆ ಅದೇ ಕೊನೆಯ ಮಾತು. ಅಲ್ಲಿಂದೀಚೆಗೆ ಎಲ್ಲ ಚೀಟಿಯಲ್ಲೇ. ಅಡುಗೆಮನೆಯ ಗೋಡೆಗೆ ಇವತ್ತಿನ ಚೀಟಿ ಅಂಟಿಸಿತ್ತು: ನಲ್ಲಿ ಸೋರುತ್ತಿದೆ.

ಅಪ್ಪ ಎದ್ದು ಕುರ್ಚಿ ಕೊಟ್ಟರು. ಗೋಡೆಯುದ್ದಕ್ಕೂ ಡಿಕ್ಟೇಶನ್ ಕ್ಯಾಸೆಟ್ಟುಗಳು.

"ಇದರಲ್ಲಿ ಖಾಲಿ ಯಾವುದಾದ್ರೂ ಇದೆಯಾ ಯಜಮಾನ್ರೆ?"

"ಒಂದೂ ಇಲ್ಲ. ಎರಡೂ ಸೈಡು ತುಂಬಿಸ್ತಿದ್ದೆ. ಅರ್ಧ ಬಿಟ್ರೆ ದಂಡ ಅಲ್ವಾ?"

ಹೊರಗೆ ಬಂದ ಮೇಲೆ ಅತ್ತೆ ಕೇಳಿದರು, "ಏನು ನೋಡ್ದೆ?"

"ಕ್ಯಾಸೆಟ್ಟುಗಳ ಮೇಲೆಲ್ಲ ಬೆರಳ ದಪ್ಪ ಧೂಳು. ಟೇಪ್‌ರೆಕಾರ್ಡರ್ ಮೇಲೆ ಮಾತ್ರ ಒಂಚೂರೂ ಇರಲಿಲ್ಲ."

"ಕಣ್ಣು ಸರಿಯಾಗೇ ಇದೆ ನಿಂಗೆ," ಎಂದರು ಅತ್ತೆ. ಅವರ ಮುಖದಲ್ಲಿ ಗೆಲುವಿರಲಿಲ್ಲ.

ಸಂಜೆ ಎಲ್ಲರನ್ನೂ ಮಹಡಿಯ ಕೋಣೆಗೆ ಕರೆಸಿದರು. ಅಪ್ಪನೂ ಬಂದರು. ಮೂರು ವರ್ಷದಲ್ಲಿ ಅವರು ಎಲ್ಲರೆದುರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬಾಗಿಲ ಬಳಿಯೇ ಕೂತರು.

"ಕೌಂಟರಿನಲ್ಲಿ ಕೂತು ಒಂದು ಕಲಿತೆ," ಅತ್ತೆ ಶುರುಮಾಡಿದರು. "ಎಲ್ಲಾ ಸಾಮಾನೂ ಆಸೆಗೆ ಕಾಣೆಯಾಗಲ್ಲ. ಕೆಲವು ನಾಚಿಕೆಗೆ ಕಾಣೆಯಾಗತ್ತೆ. ರೆಕಾರ್ಡಿಸ್ಟಿಗೆ ಈ ಕ್ಯಾಸೆಟ್ಟು ಬೇಡ ಅನ್ನಿಸಿದ್ರೆ ಕಂಪ್ಯೂಟರಿಗೆ ಹಾಕುವಾಗಲೇ ಕೆಡಿಸಬಹುದಿತ್ತು, ಕದಿಯೋ ಕಷ್ಟ ಯಾಕೆ? ಈ ಹುಡುಗಿ ಭಾನುವಾರ ಒಬ್ಬಳೇ ಬಂದಿದ್ಲು. ಬೇಕಿದ್ರೆ ಅವತ್ತೇ ಒಯ್ಯಬಹುದಿತ್ತು. ಆದ್ರೆ ಸೋಮವಾರ ಬೆಳಿಗ್ಗೆ ಡಬ್ಬಿಯಲ್ಲಿ ಏಳೂ ಇದ್ವು. ಅಂದ್ರೆ ಸೋಮವಾರವೇ ಏನೋ ಆಯ್ತು. ಆಗಿದ್ದು ಒಂದೇ, ಊಟದ ಮೇಜಿನ ಮಾತು. ಟೇಪಿನ ಎರಡೂ ಸೈಡಿನಲ್ಲಿ ಹಾಡಿದೆ ಅನ್ನೋದು ಅಲ್ಲಿ ಒಬ್ಬರಿಗೆ ಹೊಸದು."

ಅತ್ತೆ ಶೂ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಭಾನುವಾರ ಈ ಮನೇಲಿ ಡಿಕ್ಟೇಶನ್ ನಡೀತು. ಶಿಷ್ಯರು ಬರದೆ ಆರು ವರ್ಷ ಆಯ್ತು. ಮತ್ತೆ ಯಾರಿಗೆ? ಟೇಪ್‌ರೆಕಾರ್ಡರಿಗೆ. ಅವರ ಹತ್ರ ಖಾಲಿ ಕ್ಯಾಸೆಟ್ ಒಂದೂ ಇಲ್ಲ. ಇಲ್ಲಿ ಏಳು ಕ್ಯಾಸೆಟ್ಟಿಗೂ ಎರಡನೇ ಸೈಡಿನಲ್ಲಿ ಚೀಟಿ ಇಲ್ಲ, ಬಿಲ್ಲೆ ಮುರಿದಿಲ್ಲ. ನೋಡಿದವರಿಗೆ ಖಾಲಿ." ಅವರು ಬಾಗಿಲ ಕಡೆ ತಿರುಗಿದರು. "ಒಂದ್ಸಲ ಹಾಕಿ ಕೇಳಿದ್ರಿ, ಅಲ್ವಾ?"

"ಕೇಳಿದೆ," ಎಂದರು ಅಪ್ಪ. "ಗೊರಗೊರ ಅಂತಿತ್ತು. ಹಳೇ ಟೇಪು, ಹಾಗೇ ಅನ್ಕೊಂಡೆ."

"ಅದು ಹಾಡೇ," ರೆಕಾರ್ಡಿಸ್ಟ್ ಮೆಲ್ಲಗೆ ಹೇಳಿದ. "ಈ ಮೆಷಿನ್ನು ದುಪ್ಪಟ್ಟು ವೇಗದ್ದು. ನಿಮ್ಮದರಲ್ಲಿ ಹಿಂದುಮುಂದಾಗಿ ನಿಧಾನಕ್ಕೆ ಓಡಿದೆ."

ಅಪ್ಪ ಅಂಗಿಯ ಜೇಬಿನಿಂದ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು. "ಅಣ್ಣನ ಹಾಡು ಅಂತ ಚೀಟಿ ಇತ್ತು. ಇದನ್ನಾದ್ರೆ ಅವಳು ಖಂಡಿತ ತೆಗೆದು ನೋಡ್ತಾಳೆ ಅನ್ನಿಸ್ತು. ಅಷ್ಟೇ. ಮಾತು ತುಂಬಿಸಿ ಡಬ್ಬಿಗೇ ಇಟ್ಟಿದ್ದೆ, ಸೋಮವಾರ ಊಟದಲ್ಲಿ ಕೇಳಿದ ಮೇಲೆ ಎತ್ಕೊಂಡೆ." ಅವರು ಹೇಳುತ್ತಿದ್ದದ್ದು ಅತ್ತೆಗೆ. "ಎದುರಿಗೆ ನಿಂತು ಹೇಳೋಕೆ ನಾಲಿಗೆ ಏಳಲಿಲ್ಲ. ಅವನ ದನೀನ ನಾನೇ ಒರೆಸಿ ಹಾಕಿದೆ."

"ಇನ್ನೊಂದು ಬಿಲ್ಲೆ ನಾನು ಮುರಿದಿದ್ರೆ," ಎಂದಳು ಹಾಡುಗಾರ್ತಿ.

ರೆಕಾರ್ಡಿಸ್ಟ್ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಮೆಷಿನ್ನಿಗೆ ಹಾಕಿದ. ಗಿಟಾರಿನ ನಾಲ್ಕು ಮೀಟು. ಆಮೇಲೆ ಒಬ್ಬ ಯುವಕನ ದನಿ, ಸಂಕೋಚದ, ತುಸು ಒಡೆದ ದನಿ. ಪಿಟೀಲಿನವಳು ಬಾಯಿಗೆ ಕೈ ಒತ್ತಿಕೊಂಡಳು. ದನಿ ಒಂದು ಚರಣ ಪೂರ್ತಿ ಹಾಡಿತು. ಎರಡನೆಯದರ ಮೊದಲ ಸಾಲಿನ ನಡುವೆ ಕಡಿದು ಹೋಗಿ, ಗಿಟಾರಿನ ಮೇಲೆ ಚಿಲಿಪಿಲಿಯಂಥ ಅರ್ಥವಿಲ್ಲದ ಸದ್ದು ಹರಿಯಿತು.

"ಮೊದಲ ಭಾಗ ಹೇಗೆ ಉಳೀತು?" ಸೊಸೆ ಕೇಳಿದಳು.

"ಟೇಪು ಹಾಡಿನ ಕೊನೇಲಿ ನಿಂತಿತ್ತು," ಎಂದ ರೆಕಾರ್ಡಿಸ್ಟ್. "ತಿರುಗಿಸಿ ಹಾಕಿದಾಗ ಕೊನೆಯಿಂದ ಹಿಂದಕ್ಕೆ ಅಳಿಸ್ತಾ ಬಂದಿದೆ, ಆ ಚಿಲಿಪಿಲಿ ಯಜಮಾನರ ಮಾತೇ. ಇನ್ನು ಎರಡು ನಿಮಿಷ ಮಾತಾಡಿದ್ರೆ ಎಲ್ಲಾ ಹೋಗ್ತಿತ್ತು."

ಅಪ್ಪನಿಗೆ ಮಾತು ಕಡಿಮೆಯಿದ್ದದ್ದಕ್ಕೆ ಒಂದು ಚರಣ ಉಳಿದಿತ್ತು.

ಅತ್ತೆ ಸನ್ನೆ ಮಾಡಿದರು. ಸೊಸೆ ಕೆಳಗಿನಿಂದ ಟೇಪ್‌ರೆಕಾರ್ಡರ್ ತಂದು, ಕ್ಯಾಸೆಟ್ಟನ್ನು ಸುತ್ತಿ ಎರಡನೇ ಸೈಡಿಗೆ ತಿರುಗಿಸಿ ಹಾಕಿದಳು. ಪಾಠ ಓದಿಸುವ ನಿಧಾನದ ದನಿ ಬಂತು.

"ಮಗಳೇ, ಕಾಮಾ, ಆಸ್ಪತ್ರೆಯಲ್ಲಿ ನಾನು ಅಂದದ್ದು ತಪ್ಪು, ಫುಲ್‌ಸ್ಟಾಪ್. ವ್ಯಾನಿನ ಬ್ರೇಕು ಸರಿಯಿಲ್ಲ ಅಂತ ಹಿಂದಿನ ವಾರವೇ ಅವನು ನನಗೆ ಹೇಳಿದ್ದ, ಫುಲ್‌ಸ್ಟಾಪ್. ನೋಡೋಣ ಅಂದೆ, ಫುಲ್‌ಸ್ಟಾಪ್." ಉದ್ದಕ್ಕೂ ಉಸಿರಿನ ಸದ್ದು. ನಡುನಡುವೆ ಎರಡು ಮಾತು, ಮತ್ತೆ ಮೌನ. ಅಳಿಸಿಹೋದದ್ದರಲ್ಲಿ ಹೆಚ್ಚಿನದು ಆ ಮೌನದ ಕೆಳಗೇ ಹೋಗಿತ್ತು. ಕೊನೆಯಲ್ಲಿ, "ನೀನು ಹಾಡುವಾಗ ನಾನು ಕೆಳಗೆ ಕೂತು, ಕಾಮಾ," ಎಂದು, ಗುಂಡಿ ಒತ್ತಿದ ಟಕ್ ಸದ್ದು.

ಪಿಟೀಲಿನವಳು ಮೊದಲು ಎದ್ದಳು. ರೆಕಾರ್ಡಿಸ್ಟ್ ಹಿಂದೆಯೇ ಹೋದ. ಅತ್ತೆ ಸೊಸೆಯ ತೋಳು ಹಿಡಿದು ಮೆಟ್ಟಿಲಿಗೆ ನಡೆದರು. ಅವತ್ತು ಅವರಿಗೆ ಹಿಡಿಯಲು ನಿಜಕ್ಕೂ ತೋಳು ಬೇಕಿತ್ತೇನೋ.

ಅರ್ಧ ಇಳಿದಾಗ ಮೇಲಿನಿಂದ ಹಾಡುಗಾರ್ತಿಯ ದನಿ ಕೇಳಿಸಿತು.

"ಕೆಳಗೆ ಕೂತು ಏನಪ್ಪಾ?"

ಉತ್ತರ ಕೇಳಿಸಿಕೊಳ್ಳಲು ಅತ್ತೆ ಸೊಸೆ ನಿಲ್ಲಲಿಲ್ಲ.