ಎದ್ದು ನಿಂತ ವರ

ಸ್ವಾತಂತ್ರ್ಯ ಬಂದ ಹೊಸತು. ಗಿರಿಜಾಂಬಾ ಚಾಮರಾಜಪೇಟೆಯ ಒಂದು ವಿಮಾ ಕಂಪನಿಯಲ್ಲಿ ಕ್ಲೇಮ್ ವಿಭಾಗದ ಮುಖ್ಯಸ್ಥೆಯಾಗಿ ಬಂದ ಮೊದಲ ದಿನ ಗುಮಾಸ್ತರ ಪೆನ್ಸಿಲ್‌ಗಳೆಲ್ಲ ಒಟ್ಟಿಗೇ ನೆಲಕ್ಕೆ ಬಿದ್ದವು. ಸಾಹೇಬರು ಬಂದರೆ ಎದ್ದು ನಿಲ್ಲುವುದು ಆ ಆಫೀಸಿನ ಪದ್ಧತಿ. ಹೆಂಗಸಿಗೆ ಏಳುವುದು ಹೇಗೆ? ಎಲ್ಲರೂ ಮೇಜಿನ ಕೆಳಗೆ ಬಗ್ಗಿ ಹುಡುಕತೊಡಗಿದರು. ಗಂಡಸರು ಗತ್ತು ಉಳಿಸಿಕೊಳ್ಳಲು ಎಷ್ಟೆಲ್ಲ ಬಗ್ಗಬೇಕು ನೋಡಿ!

ಎದ್ದು ನಿಂತವನು ಅಕ್ಕಿಪೇಟೆಯ ಸಿದ್ದಬಸಪ್ಪ ಒಬ್ಬನೇ.

"ನಿಮ್ಮ ಪೆನ್ಸಿಲ್ ಬೀಳ್ಲಿಲ್ವಾ?" ಎಂದು ಕೇಳಿದಳು.

"ಭದ್ರವಾಗಿ ಹಿಡ್ಕೊಂಡಿದೀನಿ, ಮೇಡಂ."

ಅವನ ಕಣ್ಣಂಚಿನ ನಗು ಅವಳಿಗೆ ಬಹಳ ಇಷ್ಟವಾಯಿತು. ಅವನು ಏಳುವುದನ್ನು ನೋಡಲೆಂದೇ ಆ ಮೇಜಿನ ಪಕ್ಕದಲ್ಲಿ ಸುಮ್ಮಸುಮ್ಮನೆ ಹಾದುಹೋಗುತ್ತಿದ್ದಳು. ಪಾಪ, ಪ್ರತಿಸಲವೂ ಏಳುತ್ತಿದ್ದ. ವರ್ಷ ಕಳೆಯುವಷ್ಟರಲ್ಲಿ ಅವಳ ಕೆಲಸ ನೋಡಿ ಉಳಿದವರೂ ಏಳತೊಡಗಿದರು.

ಒಂದು ಶನಿವಾರ ಅವನು ಅವಳ ಮುಂದೆ ಬಂದು ನಿಂತ. "ಸ್ವಲ್ಪ ಮುಂಚೆ ಹೋಗ್ಬೇಕಿತ್ತು ಮೇಡಂ, ಕ್ಷೌರ ಮಾಡಿಸ್ಕೊಳ್ಳೋಕೆ. ನಾಳೆ ಹೆಣ್ಣು ನೋಡೋಕೆ ಹೋಗ್ತಿದೀವಿ."

ಅವಳು ಮುಂದಿದ್ದ ಫೈಲನ್ನು ಪಟ್ಟೆಂದು ಮುಚ್ಚಿದಳು. "ಹೋಗಿ. ಚೆನ್ನಾಗೇ ಮಾಡಿಸ್ಕೊಳ್ಳಿ." ಅವನು ನಗುತ್ತಾ ಹೋದದ್ದು ನೋಡಿ ಮೈಯೆಲ್ಲ ಉರಿಯಿತು.

ಮಲ್ಲೇಶ್ವರಂನ ಮನೆಗೆ ಬಂದರೆ ಅಪ್ಪ ಶಂಭುಲಿಂಗಪ್ಪ, "ನಾಳೆ ನಿನ್ನ ನೋಡೋಕೆ ಬರ್ತಾರಮ್ಮ. ಹುಡುಗನ ತಾಯಿಗೆ ಸೊಸೆ ಕೆಲಸಕ್ಕೆ ಹೋಗೋದು ಹಿಡಿಸಲ್ವಂತೆ," ಎಂದರು.

"ಬರ್ಲಿ. ಕೆಲಸ ಬಿಡಲ್ಲ ಅಂತ ನಾನೇ ಹೇಳಿ ಕಳಿಸ್ತೀನಿ." ಹುಡುಗನ ಹೆಸರನ್ನೂ ಕೇಳಲಿಲ್ಲ, ಅಷ್ಟು ಸಿಟ್ಟು.

ಭಾನುವಾರ ತಲೆ ತಗ್ಗಿಸಿ, ಕೇಸರಿಬಾತಿನ ತಟ್ಟೆ ಹಿಡಿದು ನಡುಮನೆಗೆ ಬಂದಳು. ಕುರ್ಚಿ ಕಿರ್ರೆಂದಿತು. ವರ ದಡಕ್ಕನೆ ಎದ್ದು ನಿಂತಿದ್ದ.

ತಲೆಯೆತ್ತಿದಳು. ಹೊಸ ಕ್ಷೌರ, ಅದೇ ಹಳೆಯ ನಗು.

"ಲೋ, ಕೂತ್ಕೊಳ್ಳೋ!" ಅವನ ತಾಯಿ ವಿಶಾಲಾಕ್ಷಮ್ಮ ಷರಟು ಹಿಡಿದೆಳೆದರು. "ಹೆಣ್ಣು ಬಂದ್ರೆ ಗಂಡು ಏಳೋದುಂಟಾ?"

"ಇವರು ನಮ್ಮ ಮೇಡಂ, ಅಮ್ಮ."

"ಅದಕ್ಕೇನಾ ಈ ಹುಡುಗೀನೇ ನೋಡೋಣ ಅಂತ ಕುಣೀತಿದ್ದಿದ್ದು?"

"ಹೂಂ." ಅವನ ಕಿವಿ ಕೆಂಪಾಗಿತ್ತು. "ಇವರಂದ್ರೆ ನಂಗಿಷ್ಟ. ಕೆಲಸ ಬಿಡು ಅಂತ ಮಾತ್ರ ಹೇಳ್ಬೇಡ."

ಗಿರಿಜಾಂಬಾಳಿಗೆ ಖುಷಿಯೂ ಭಯವೂ ಒಟ್ಟಿಗೇ ಆದವು. ಆದರೂ ಹೇಳಿಯೇಬಿಟ್ಟಳು. "ನಂಗೂ ಇವರಂದ್ರೆ ಇಷ್ಟ, ಅಮ್ಮಾವ್ರೇ. ಆದ್ರೆ ಕಷ್ಟಪಟ್ಟು ಪಡೆದ ಕೆಲಸ. ಬಿಡೋಕಾಗಲ್ಲ."

ವಿಶಾಲಾಕ್ಷಮ್ಮ ಒಮ್ಮೆ ಮಗನನ್ನೂ ಒಮ್ಮೆ ಅವಳನ್ನೂ ನೋಡಿದರು. ಕೇಸರಿಬಾತು ಆರುತ್ತಿತ್ತು. ಅವನಿನ್ನೂ ನಿಂತೇ ಇದ್ದ.

"ಕೂತ್ಕೊಳ್ಳಿ, ಸಿದ್ದಬಸಪ್ಪನವರೇ," ಎಂದಳು, ಆಫೀಸಿನ ದನಿಯಲ್ಲಿ.

ತಕ್ಷಣ ಕೂತ.

ವಿಶಾಲಾಕ್ಷಮ್ಮನ ಬಾಯಿ ತೆರೆದೇ ಇತ್ತು. ಆಮೇಲೆ ನಗು ತಡೆಯಲಾಗಲಿಲ್ಲ. "ನಾನು ಎಳೆದ್ರೂ ಕೂರದವನು ನೀನಂದ ಕೂಡಲೇ ಕೂತ್ನಲ್ಲೇ! ಇಂಥವರನ್ನ ಹತೋಟೀಲಿ ಇಟ್ಟಿರೋಳು ಮನೇಲಿ ಕೂತು ಏನ್ಮಾಡ್ತೀಯಾ? ಹೋಗಮ್ಮ ಕೆಲಸಕ್ಕೆ. ಆದ್ರೆ ಬೆಳಿಗ್ಗೆ ಇವನ್ನ ಎಬ್ಬಿಸೋ ಪಾಡು ಇನ್ಮೇಲೆ ನಿಂದು."

ಎಲ್ಲರೂ ನಗುತ್ತಿದ್ದಾಗ ಅವಳು ಬಗ್ಗಿ ಅವನ ಕೈಗೆ ತಟ್ಟೆ ಕೊಟ್ಟಳು. "ಕ್ಷೌರ ಚೆನ್ನಾಗಿದೆ," ಎಂದಳು ಮೆಲ್ಲಗೆ.

"ಮೇಡಂ ಮಂಜೂರು ಮಾಡಿದ್ದಲ್ವಾ," ಎಂದ ಅವನು.