ಎಡಗಾಲಿಗೆ ಕೆಲಸ

"ಗಾಡಿ ಕೊಂಡು ಹೋಗಿ ಮಾರಾಯ್ರೆ, ಬೇಡ ಅನ್ನುವುದಿಲ್ಲ. ಆದ್ರೆ ಅದರಲ್ಲಿ ಕೂತು ಎಡಗಾಲಿಗೆ ಮಾತ್ರ ಕೆಲಸ ಕೊಡ್ಬೇಡಿ."

ಡೊಂಬಿವಲಿಯ ತಮ್ಮ ಮನೆಯಲ್ಲಿ ಜಯಲತಾ ಹೀಗೆಂದಾಗ ಗಾಡಿ ಕೊಳ್ಳಲು ಬಂದಿದ್ದ ನಾಗರಾಜ ನಕ್ಕುಬಿಟ್ಟ. ಆಕೆಯ ಗಂಡ ಭುಜಂಗ ಕಲ್ಯಾಣಿನಲ್ಲಿ ಹೋಟೆಲು ನಡೆಸಿ ತೀರಿಕೊಂಡವರು. ಅವರ ಅಮೆರಿಕನ್ ಪಿಕಪ್ಪು, ಭುಜಂಗರ ಅಪ್ಪನ ಕಾಲದ ಹಸಿರು ಗಾಡಿ, ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ಕುಡಿಯುತ್ತ ನಿಂತಿತ್ತು. ಮೊದಲು ಅದಕ್ಕೆ ಕ್ಲಚ್ಚು, ಕೈಗೇರು ಎಲ್ಲ ಇದ್ದವು. ಭುಜಂಗರ ಎಡಗಾಲು ಇದ್ದಕ್ಕಿದ್ದಂತೆ ಒಣಗಿ ಸೌದೆಯಂತಾದ ಮೇಲೆ ಅವರೇ ಎಲ್ಲವನ್ನೂ ಕೀಳಿಸಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿಕೊಂಡಿದ್ದರು. ಕ್ಲಚ್ ಇಲ್ಲದ ಗಾಡಿಯಲ್ಲಿ ಎಡಗಾಲು ಸುಮ್ಮನೆ ಬಿದ್ದಿದ್ದರೂ ನಡೆಯುತ್ತದೆ.

"ಕಾಲಿಗೆ ಏನಾಗಿತ್ತು? ಶುಗರ್ರಾ?"

"ಮಾಟ."

"ಯಾರು ಮಾಡ್ಸಿದ್ರಂತೆ?"

ಜಯಲತಾ ಗಾಡಿಯ ಕೀಲಿ ತೆಗೆದರು. ಅದನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟರು.

"ಅಮ್ಮಾ, ನಾನು ಐರೋಲೀಲಿ ಒಂದು ಫ್ಲೋರ್ ತುಂಬ ಇಂಜಿನಿಯರುಗಳನ್ನ ಮೇಯಿಸ್ತೀನಿ. ಯಾವ ಮಾಟಗಾರನೂ ಅವರಷ್ಟು ಕಾಟ ಕೊಡಲ್ಲ ಬಿಡಿ," ಎಂದು ಕೀಲಿ ಎತ್ತಿಕೊಂಡ.

ಮೈಸೂರಿನಿಂದ ಬಂದ ಎರಡು ವರ್ಷದಲ್ಲಿ ನಾಗರಾಜನಿಗೆ ಈ ಊರಿನ ಮೇಲೆ ಬೆಂಕಿಯಂಥ ಸಿಟ್ಟು. ಪಾರ್ಕಿಂಗ್ ಕೊಡದ ಸೊಸೈಟಿ ಸೆಕ್ರೆಟರಿಯ ಮೇಲೆ ಸಿಟ್ಟು, ಬಾರದ ಲಿಫ್ಟಿನ ಮೇಲೆ ಸಿಟ್ಟು. ಸಿಟ್ಟು ಬಂದರೆ ಒದೆಯುವನು. ಲಿಫ್ಟಿನ ಬಾಗಿಲು, ಚಪ್ಪಲಿ ಸ್ಟ್ಯಾಂಡು, ಮಗಳ ಓದುವ ಕುರ್ಚಿ, ಯಾವುದಾದರೂ ಸರಿ. ಮನುಷ್ಯರ ಮೇಲೆ ಮಾತ್ರ ಕಾಲೆತ್ತಿದವನಲ್ಲ. ಹೆಂಡತಿ ಜಾನಕಿ ಏನಾದರೂ ಅಂದರೆ ಅದನ್ನೇ ಎತ್ತಿ ಹೇಳುವನು. ಮಗಳು ಸಂಯುಕ್ತಾಳಿಗೆ ಹದಿನೆಂಟು ತುಂಬಿತ್ತು. ಅವಳಿಗೆ ಈ ಪಿಕಪ್ಪಿನಲ್ಲೇ ಡ್ರೈವಿಂಗ್ ಕಲಿಸಬೇಕು, ಅದೂ ಕೈಗೇರಿನಲ್ಲಿ, ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅವಳನ್ನು ಕೇಳಿರಲಿಲ್ಲ.

ಶಹಾಡಿನಲ್ಲಿ ಗ್ಯಾರೇಜು ಇಟ್ಟಿದ್ದ ಲತೀಶ ಮಂಗಳೂರಿನವನು. ಗಾಡಿಯ ಕೆಳಗಿಂದ ತಲೆ ಹೊರಹಾಕಿ ಹೇಳಿದ: "ಸಾರ್, ಇದು ಬೆಣ್ಣೆ ಹಾಗೆ ಓಡ್ತಾ ಉಂಟು. ಈ ಟ್ರಾಫಿಕ್ಕಲ್ಲಿ ಲೋಕ ಇಡೀ ಆಟೊಮ್ಯಾಟಿಕ್ ಬೇಕು ಅಂತ ಸಾಯ್ತದೆ. ನಿಮ್ಮದು ಎಂತ ಉಲ್ಟಾ ಹಟ?"

"ಯಾವ ಗೇರಲ್ಲಿ ಹೋಗ್ಬೇಕು ಅಂತ ಗಾಡೀನೇ ತೀರ್ಮಾನ ಮಾಡೋದಾದ್ರೆ ನಾನ್ಯಾಕಯ್ಯಾ ಅದರಲ್ಲಿ ಕೂರ್ಬೇಕು? ಬಿಚ್ಚು."

ಲತೀಶ ಬಿಚ್ಚಿದ. ಹಳೆಯ ಗೇರ್‌ಬಾಕ್ಸು ಕೆಳಗಿಳಿಯಿತು. ಗೇರಿನ ಕೋಲು ಮೇಲೆ ಬರಲು ನೆಲದ ತಗಡಿನಲ್ಲಿ ತೂತು ಕೊರೆದಾಯಿತು. ಕ್ಲಚ್ ಪೆಡಲ್ಲಿಗೆಂದು ಹಿಂದೊಮ್ಮೆ ಇದ್ದ ಜಾಗಕ್ಕೆ ಯಾರೋ ಕಬ್ಬಿಣದ ಪಟ್ಟಿ ಬಡಿದು ಮುಚ್ಚಿದ್ದರು. ಅದನ್ನು ಎಬ್ಬಿಸಿದ್ದೇ ತಡ, ನಡುಮಧ್ಯಾಹ್ನದಲ್ಲಿ ಕರೆಂಟು ಹೋಯಿತು. ಪಕ್ಕದ ಶೆಡ್ಡುಗಳ ಗ್ರೈಂಡರುಗಳೆಲ್ಲ ಒಟ್ಟಿಗೇ ಉಸಿರು ಬಿಟ್ಟು ನಿಂತವು. ಪಟ್ಟಿಯಡಿಯ ಕತ್ತಲ ಸಂದಿನೊಳಗಿಂದ ಒಂದು ವಾಸನೆ ಎದ್ದಿತು. ಸುಟ್ಟ ಕೂದಲು, ಮುಗ್ಗಲು ಕುಂಕುಮ, ಅದರಡಿಯಲ್ಲಿ ಕೊಳೆತ ಮಾಂಸದ ಸಿಹಿ.

ಟಾರ್ಚಿನ ಬೆಳಕಿಗೆ ಕಂಡದ್ದು ಗೇಣುದ್ದದ ಮಣ್ಣಿನ ಕಾಲು. ಎಡಗಾಲು. ಐದು ಬೆರಳಿಗೂ ಒಂದೊಂದು ಮೊಳೆ, ಹಿಮ್ಮಡಿಗೆ ಉದ್ದದ್ದೊಂದು.

ಲತೀಶ ಗೋಡೆಗೆ ಅಂಟಿಕೊಂಡ. "ಸಾರ್... ಇದನ್ನು ಕಟ್ಟಿ ಹಾಕಿದ್ದಾರೆ. ಮುಟ್ಟುದು ಬೇಡ. ಆ ಅಮ್ಮನಿಗೊಂದು ಫೋನ್ ಮಾಡಿ. ತಿಳಿದವರನ್ನು ಕರ್ಸಿ ತೆಗೆಸುವ."

"ಥೂ ನಿನ್ನ! ಇಷ್ಟು ದೊಡ್ಡ ಊರಲ್ಲಿ ಇದ್ದೂ ಇನ್ನೂ ಇದೇನಾ!" ನಾಗರಾಜ ಅದನ್ನು ಹಿಡಿದೆಳೆದು ನೆಲಕ್ಕೆಸೆದ. ಎಡಗಾಲೆತ್ತಿ ಒದ್ದ. ಮಣ್ಣಿನ ಕಾಲು ಗೋಡೆಗೆ ಬಡಿದು ಒಡೆಯಿತು. ಮೊಳೆಗಳು ಚದುರಿದವು. ಒಣಗಿ ಎಷ್ಟೋ ಕಾಲವಾಗಿರಬೇಕಿದ್ದ ಮಣ್ಣು ಒಳಗೆ ಒದ್ದೆಯಾಗಿತ್ತು.

ಉಳಿದ ಕೆಲಸವನ್ನು ಲತೀಶ ಮುಗಿಸಿದ. ಆದರೆ ಸ್ಟಿಯರಿಂಗಿನ ಹಿಂದೆ ಕೂರಲಿಲ್ಲ. "ಟ್ರಯಲ್ ನೀವೇ ತೆಗೀರಿ ಸಾರ್," ಎಂದ.

ಭಾನುವಾರ ಸಂಜೆ ಮಗಳನ್ನು ಎಡಪಕ್ಕದಲ್ಲಿ ಕೂರಿಸಿಕೊಂಡು ನಾಗರಾಜ ಶಹಾಡಿನಿಂದ ಹೊರಟ. ಕ್ಲಚ್ ಒತ್ತಿದ ಮೊದಲ ಸಲವೇ ಅವನಿಗೆ ಅಚ್ಚರಿ. ಹೊಸ ಕ್ಲಚ್ಚು, ಅವನಿಗೆ ಹೊಸದಾದ ಗಾಡಿ. ಆದರೆ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಎಡಗಾಲಿಗೆ ಮೊದಲೇ ತಿಳಿದಿತ್ತು. ಅವನು ಯೋಚಿಸುವ ಮುಂಚೆ ಅದು ಒತ್ತುತ್ತಿತ್ತು.

"ನೋಡಿದ್ಯಾ? ಇದು ಗಾಡಿ ಓಡ್ಸೋದು ಅಂದ್ರೆ."

"ಹಾಂ ಅಪ್ಪಾ, ಮಸ್ತ್ ಹೈ," ಎಂದಳು ಸಂಯುಕ್ತಾ, ಫೋನಿನಿಂದ ಕಣ್ಣೆತ್ತದೆ. ಆಮೇಲೆ ಮೂಗು ಮುಚ್ಚಿಕೊಂಡಳು. "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ? ಕೂದಲು ಸುಟ್ಟ ಹಾಗೆ."

ಮಹಾಪೆ ದಾಟುವಾಗ ನಾಗರಾಜನ ಎಡಗಾಲು ಬೆರಳ ತುದಿಯಿಂದ ತಣ್ಣಗಾಗತೊಡಗಿತು. ಚಳಿ ಪಾದಕ್ಕೆ ಬಂತು, ಮೀನಖಂಡಕ್ಕೆ ಬಂತು. ಐರೋಲಿಯಲ್ಲಿ ಮನೆಯ ತಿರುವು ಬಂತು. ಕೈ ತಿರುಗಿಸಲು ಹೋಯಿತು. ಕಾಲು ಕ್ಲಚ್ ಬಿಟ್ಟು ಗಾಡಿಯನ್ನು ಮುಂದಕ್ಕೆ ಚಿಮ್ಮಿಸಿತು.

"ಅಪ್ಪಾ, ನಮ್ಮ ಟರ್ನಿಂಗ್ ಹೋಯ್ತು."

"ನಂಗೆ ಗೊತ್ತು!"

"ಮತ್ತೆ ಯಾಕೆ..."

"ಬಾಯಿ ಮುಚ್ಕೊಂಡು ಕೂರೇ!"

ಮುಲುಂಡಿನ ಸೇತುವೆ ಏರಿದರು. ಕೆಳಗೆ ಖಾಡಿಯ ಉಪ್ಪುನೀರಿನ ಕೆಸರು ನಾತ. ಮೋಡ ಕವಿದು ಸಂಜೆಗೇ ಕಪ್ಪಾಗಿತ್ತು. ಎಡಪಕ್ಕದ ಲೇನಿನಲ್ಲಿ ಟ್ಯಾಂಕರುಗಳು ಒಂದರ ಹಿಂದೊಂದು ಗುಡುಗುತ್ತ ಹೋಗುತ್ತಿದ್ದವು. "ಅಪ್ಪಾ, ರುಕೋ ನಾ, ನಿಲ್ಸು, ನಂಗೆ ಭಯ ಆಗ್ತಿದೆ," ಎಂದು ಸಂಯುಕ್ತಾ ಅವನ ತೋಳು ಹಿಡಿದಳು.

ಕಾಲು ಕ್ಲಚ್ಚಿನಿಂದ ಎದ್ದಿತು.

ಅವನು ಎತ್ತಲಿಲ್ಲ. ಅದೇ ಎದ್ದಿತು. ಗೇರಿನ ಕೋಲನ್ನು ದಾಟಿತು. ಮಗಳ ಸೊಂಟಕ್ಕೆ ಒದೆಯಿತು. ಸಂಯುಕ್ತಾ ಬಾಗಿಲಿಗೆ ಬಡಿದಳು. ನಾಗರಾಜ ಬಲಗಾಲಲ್ಲಿ ಬ್ರೇಕ್ ತುಳಿದ. ಇಂಜಿನ್ನು ಜರ್ಕು ಹೊಡೆದು ಸತ್ತಿತು. ಕಾಲು ಸಾಯಲಿಲ್ಲ. ಮತ್ತೆ ಒದೆಯಿತು. ಹಳೆಯ ಬಾಗಿಲು ತೆರೆದುಕೊಂಡಿತು. ಅವಳ ಅರ್ಧ ಮೈ ರಸ್ತೆಯ ಮೇಲೆ. ಬೆರಳುಗಳು ಸೀಟಿನ ಅಂಚಿನಲ್ಲಿ. ಟ್ಯಾಂಕರಿನ ಹಾರ್ನು. ಕಾಲು ಈಗ ಬೆರಳುಗಳನ್ನು ತುಳಿಯುತ್ತಿತ್ತು. ಒಂದೊಂದಾಗಿ. ನಿಧಾನವಾಗಿ. ಅಭ್ಯಾಸವಿದ್ದಂತೆ.

ಸೀಟಿನ ಕೆಳಗೆ ಚಕ್ರ ಬಿಚ್ಚುವ ವೀಲ್ ಪಾನಾ ಸಿಕ್ಕಿತು. ಎತ್ತಿ ತನ್ನ ಮಂಡಿಗೇ ಹೊಡೆದ. ನೋವಿಲ್ಲ. ಮತ್ತೆ ಹೊಡೆದ. ನೋವಿಲ್ಲ. ಮತ್ತೆ. ಒಳಗೆ ಏನೋ ಲಟಕ್ಕೆಂದಿತು. ಕಾಲು ಬಿದ್ದುಹೋಯಿತು. ಮಗಳ ಕುತ್ತಿಗೆಪಟ್ಟಿ ಹಿಡಿದು ಒಳಗೆಳೆದುಕೊಂಡ. ಟ್ಯಾಂಕರು ತೆರೆದ ಬಾಗಿಲನ್ನು ಕಿತ್ತುಕೊಂಡು ಹೋಯಿತು. ಆಗ ನೋವು ಬಂತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಎಡಗಾಲು ತೊಡೆಯಿಂದ ಕೆಳಗೆ ತನ್ನದಲ್ಲವೆಂಬಂತೆ ಬಿದ್ದಿತ್ತು. ನರ ಸತ್ತಿದೆ, ಇನ್ನು ಏಳುವುದಿಲ್ಲ ಎಂದರು ಡಾಕ್ಟರು. ಜಾನಕಿ ಕಿಟಕಿಯ ಬಳಿ ನಿಂತಿದ್ದಳು. ಸಂಯುಕ್ತಾಳ ಬಲಗೈಗೆ ಬೆರಳ ತುದಿಯವರೆಗೂ ಪಟ್ಟಿ. ಲತೀಶನಿಂದ ಸುದ್ದಿ ತಿಳಿದ ಜಯಲತಾ ಬಂದು ಬಾಗಿಲಲ್ಲಿ ನಿಂತರು.

"ಅಮ್ಮಾ, ನೀವಾದ್ರೂ ಇವರಿಗೆ ಹೇಳಿ," ಎಂದ ನಾಗರಾಜ. "ಒದ್ದಿದ್ದು ನಾನಲ್ಲ. ಆ ಕಾಲು. ಆ ಮಾಟ."

"ಮಾಟ ಮಾಡಿಸಿದ್ದು ನಾನೇ." ಜಯಲತಾರ ದನಿ ಏರಲಿಲ್ಲ. "ಓಡುವ ಅದೇ ಗಾಡಿಯಿಂದ ನನ್ನ ಗಂಡ ನನ್ನನ್ನು ಒದ್ದು ಬೀಳಿಸಿದ್ರು. ಹೊಟ್ಟೆಯಲ್ಲಿ ಮಗು ಇತ್ತು. ಬಾಗಿಲು ಹಿಡ್ಕೊಂಡ ಬೆರಳನ್ನೂ ತುಳಿದ್ರು. ಆ ಕಾಲು ಸಾಯ್ಲಿ ಅಂತ ಮಾಡಿಸಿದೆ. ಅವರ ಮೈಯಲ್ಲಿ ಸತ್ತಿತು. ಗಾಡಿಯಲ್ಲಿ ಸಾಯ್ಲಿಲ್ಲ, ಅದಕ್ಕೇ ಮೊಳೆ ಹೊಡೆಸಿ ಅಲ್ಲೇ ಮುಚ್ಚಿಸಿದ್ದೆ."

"ಕೇಳಿದ್ಯಾ ಜಾನಕಿ? ಕೇಳಿದ್ಯಾ?"

ಜಯಲತಾ ಅವನ ಕಡೆ ನೋಡಲಿಲ್ಲ. ಸಂಯುಕ್ತಾಳ ಹತ್ತಿರ ಹೋಗಿ ಅವಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದರು. "ನಿಂಗೆ ಒದ್ದದ್ದು ಯಾರು ಮಗಾ?"

ಸಂಯುಕ್ತಾ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡಳು.

"ಅಪ್ಪ," ಎಂದಳು.

"ನಾನಾ? ನಿನ್ನನ್ನ ಉಳಿಸಕ್ಕೆ ನನ್ನ ಕಾಲೇ ಮುರ್ಕೊಂಡೆ ಕಣೇ!"

"ಗೊತ್ತು ಅಪ್ಪಾ. ಆದ್ರೆ ಒದೆಯೋವಾಗ ನಾನು ಕಾಲು ನೋಡ್ಲಿಲ್ಲ. ನಿನ್ನ ಮುಖ ನೋಡ್ತಿದ್ದೆ. ಕುರ್ಚಿ ಒದೆಯೋವಾಗ ಇರುತ್ತಲ್ಲ, ಅದೇ ಮುಖ."

"ಸುಳ್ಳು! ಸುಳ್ಳು ಬೊಗಳ್ತೀಯಾ!" ನಾಗರಾಜನ ಕಣ್ಣು ಕೆಂಡವಾಯಿತು. ಮಂಚದ ಪಕ್ಕದ ಔಷಧಿಯ ಟ್ರಾಲಿ ಎಗರಿ ಗೋಡೆಗೆ ಅಪ್ಪಳಿಸಿತು. ಸ್ಟೀಲಿನ ತಟ್ಟೆ, ಬಾಟಲಿ, ಕತ್ತರಿಗಳೆಲ್ಲ ಸಂಯುಕ್ತಾಳ ಕಾಲಬುಡದಲ್ಲಿ ಚೆಲ್ಲಾಡಿದವು.

ತಟ್ಟೆಯೊಂದು ಗಿರಗಿರನೆ ಸುತ್ತಿ ಸುತ್ತಿ ನಿಂತಿತು. ಎಲ್ಲರೂ ಅವನ ಬಲಗಾಲನ್ನು ನೋಡುತ್ತಿದ್ದರು. ಅದಿನ್ನೂ ಗಾಳಿಯಲ್ಲೇ ಇತ್ತು. ಅದರ ಮೇಲೆ ಯಾರೂ ಏನೂ ಮಾಡಿಸಿರಲಿಲ್ಲ.

ಜಾನಕಿ ಗಾಜಿನ ಚೂರುಗಳನ್ನು ದಾಟಿ ಬಂದು ಮಗಳ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. ಜಯಲತಾ ಬಾಗಿಲನ್ನು ತೆರೆದು ಹಿಡಿದರು.